ಮೂರು ಗೆರೆ ಅಕ್ಕ

ಅವಳಿಗೆ ಮೂರು ಗೆರೆ ಅಕ್ಕ ಅಂತ ಹೆಸರಿಟ್ಟವನು ಗೊಣಗಣ್ಣ. ಅವನಿಗೆ ಗೊಣಗಣ್ಣ ಅಂತ ಹೆಸರಿಟ್ಟವಳು ಅವಳು. ಅಲ್ಲಿಗೆ ಸರಿಗೆ ಸರಿ. ಇಬ್ಬರೂ ಆಸ್ಪತ್ರೆಯ ಹಿಂಬದಿಯ ಲ್ಯಾಬಿನಲ್ಲಿ ಟೆಕ್ನಿಷಿಯನ್ನರು. ಅವಳಿಗೆ ಐವತ್ತನಾಲ್ಕು, ಅವನಿಗೆ ನಲವತ್ತು ಈಗಷ್ಟೇ ದಾಟಿದೆ. ಇಪ್ಪತ್ತೆಂಟು ವರ್ಷ ಊರಿನವರ ರಕ್ತ, ಕಫ, ಮೂತ್ರ ನೋಡಿಕೊಂಡೇ ಬಂದವಳು ಅಕ್ಕ. ಮುಖ ಯಾರದೂ ಗೊತ್ತಿಲ್ಲ, ಒಳಗಿನ ಸಮಾಚಾರ ಮಾತ್ರ ಎಲ್ಲರದೂ ಗೊತ್ತು. ಸಂತೆಯಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ, ಇವರಿಗೆ ಸಕ್ಕರೆ ಎಷ್ಟಿರಬಹುದು ಅಂತ ಮೊದಲು ಯೋಚನೆ ಬರುವಂಥ ಹೆಂಗಸು.

ಆಮೇಲೆ ಬಂತಲ್ಲ ಆ ವೈರಸ್ಸು, ಅದರ ಜೊತೆಗೇ ಆ ಯಂತ್ರವೂ ಬಂತು. ಅಂಗೈಯಗಲದ ಪ್ಲೇಟು, ಅದರಲ್ಲಿ ತೊಂಬತ್ತಾರು ಗುಳಿ, ಒಂದೊಂದು ಗುಳಿಯಲ್ಲಿ ಒಬ್ಬೊಬ್ಬರ ಗಂಟಲಿನ ಸ್ಯಾಂಪಲ್ಲು. ಯಂತ್ರದೊಳಗೆ ತಳ್ಳಿ ಒಂದೂವರೆ ಗಂಟೆ ಕಾಯಬೇಕು. ಯಂತ್ರ ಪ್ರತಿ ಗುಳಿಯಲ್ಲೂ ವೈರಸ್ಸಿನ ಮೂರು ಗುರುತು ಹುಡುಕುತ್ತದೆ. ಒಂದು ಗುರುತು ಸಿಕ್ಕರೆ ಪರದೆಯ ಮೇಲೆ ಒಂದು ಗೆರೆ ಮೇಲೇಳುತ್ತದೆ. ಮೂರೂ ಸಿಕ್ಕರೆ ಮೂರು ಗೆರೆ. ಒಂದೂ ಸಿಗದಿದ್ದರೆ ಗೆರೆಗಳೆಲ್ಲ ನೆಲ ಹಿಡಿದು ಮಲಗುತ್ತವೆ, ಆಗ ಆ ಮನುಷ್ಯ ಬಚಾವು. ಇಷ್ಟೇ ವಿದ್ಯೆ. ಕಿಟ್ಟಿನ ಡಬ್ಬಿಯಲ್ಲಿ ಬಂದ ಕಾಗದದಲ್ಲಿ, ಎರಡು ಗೆರೆ ಎದ್ದರೂ ಸಾಕು, ಪಾಸಿಟಿವ್ ಅಂತ ಕೊಡಿ ಎಂದು ಬರೆದಿತ್ತು. ಅಕ್ಕ ಆ ಮಾತನ್ನು ಒಪ್ಪುತ್ತಿರಲಿಲ್ಲ. ಮೂರೂ ಏಳಬೇಕು, ಇಲ್ಲವಾದರೆ ರಿಪೀಟ್. ಅದೇ ಸ್ಯಾಂಪಲ್ಲನ್ನು ಮತ್ತೆ ಮೊದಲಿನಿಂದ ಮಾಡಬೇಕು.

ಇದು ಸುಮ್ಮನೆ ಹಿಡಿದ ಹಟವಲ್ಲ. ಮೊದಲ ಅಲೆಯಲ್ಲಿ ಒಬ್ಬ ಕ್ಷೌರದವನ ಸ್ಯಾಂಪಲ್ಲಿನಲ್ಲಿ ಎರಡೇ ಗೆರೆ ಎದ್ದಿದ್ದವು. ಕಾಗದ ನಂಬಿ ಪಾಸಿಟಿವ್ ಕೊಟ್ಟಳು. ಪಕ್ಕದ ಗುಳಿಯಿಂದ ಒಂದು ಹನಿ ಹಾರಿತ್ತು ಅಂತ ಆಮೇಲೆ ಗೊತ್ತಾಯಿತು. ಅಷ್ಟು ಹೊತ್ತಿಗೆ ಅವನನ್ನು ವಾರ್ಡಿಗೆ ಎಳೆದುಕೊಂಡು ಹೋಗಿದ್ದರು, ಬೀದಿಗೆ ಬೇಲಿ ಬಿದ್ದಿತ್ತು, ಆ ವಾರ್ಡಿನಲ್ಲೇ ಅವನಿಗೆ ನಿಜವಾದ ಕಾಯಿಲೆ ಅಂಟಿಕೊಂಡಿತ್ತು. ಇಪ್ಪತ್ತು ದಿನ ಕಳೆದು ಸೊರಗಿದ ಮುಖ ಹೊತ್ತು ಲ್ಯಾಬಿನ ಕಿಟಕಿಗೆ ಬಂದು ನಿಂತ. ಬೈಯಲಿಲ್ಲ, ಕೂಗಾಡಲಿಲ್ಲ. "ಮೇಡಂ, ನನಗೆ ಆವಾಗ ನಿಜವಾಗ್ಲೂ ಇತ್ತಾ, ಇಲ್ವಾ? ಅಷ್ಟು ಹೇಳಿ ಸಾಕು" ಅಂದ. ಬೈದಿದ್ದರೇ ಎಷ್ಟೋ ವಾಸಿಯಾಗಿತ್ತು. ಆವತ್ತಿನಿಂದ ಮೂರು ಗೆರೆ, ಇಲ್ಲ ರಿಪೀಟ್.

ಮನೆಯಲ್ಲಿ ಮೇಷ್ಟ್ರು. ಅಕ್ಕನ ಗಂಡ. ಮೂವತ್ತು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ರಿಟೈರಾಗಿ ಮನೆಗೆ ಬಂದ ವರ್ಷವೇ ಅವರ ಎರಡೂ ಕಿಡ್ನಿ ಕೈಕೊಟ್ಟವು. ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನ ಡಯಾಲಿಸಿಸ್. ಎಂಟು ಕುರ್ಚಿಯ ಒಂದು ರೂಮು, ಮೇಷ್ಟ್ರದು ನಾಲ್ಕನೇ ಕುರ್ಚಿ. ತೋಳಿಗೆ ಎರಡು ಸೂಜಿ ಚುಚ್ಚಿ, ಮೈಯ ರಕ್ತವನ್ನೆಲ್ಲ ಯಂತ್ರಕ್ಕೆ ಹಾಯಿಸಿ, ತೊಳೆದು ವಾಪಸ್ ಕೊಡುತ್ತಾರೆ. ನಾಲ್ಕು ಗಂಟೆ ಅಲ್ಲಾಡುವ ಹಾಗಿಲ್ಲ. ಅಲ್ಲೊಬ್ಬ ನರ್ಸಮ್ಮ ಇದ್ದಾಳೆ, ಅವಳ ಕೈ ಹಗುರ. ಒಂದೇ ಸಲಕ್ಕೆ ಸೂಜಿ ಇಳಿಸುತ್ತಾಳೆ. ಬೇರೆಯವರಾದರೆ ಮೇಷ್ಟ್ರ ತೋಳು ಜರಡಿ. ಅದಕ್ಕೇ ಅವರು, "ಅವಳು ಬರೋ ತನಕ ಕಾಯ್ತೀನಿ, ನೀವು ಹತ್ರ ಬರಬೇಡಿ" ಅಂತ ಚಿಕ್ಕಮಕ್ಕಳ ಹಾಗೆ ಕೈ ಹಿಂದಕ್ಕೆ ಕಟ್ಟಿಕೊಂಡು ಕೂತುಬಿಡುತ್ತಿದ್ದರು.

ಆರನೇ ಕುರ್ಚಿಯವರಿಗೆ ಮೇಷ್ಟ್ರು ರೇಡಿಯೋ ಅಮ್ಮ ಅಂತ ಹೆಸರಿಟ್ಟಿದ್ದರು. ಎಪ್ಪತ್ತರ ಹೆಂಗಸು, ಸೂಜಿ ಚುಚ್ಚಿದಾಗಿನಿಂದ ಸೂಜಿ ತೆಗೆಯುವ ತನಕ ಬಾಯಿ ಮುಚ್ಚಿದವರಲ್ಲ. ಮಗಳ ಇಸ್ತ್ರಿ ಅಂಗಡಿಗೆ ಬಂದವರ ಸುದ್ದಿ, ಯಾರ ಅಂಗಿಗೆ ಗುಂಡಿ ಇಲ್ಲ, ಯಾರ ಮನೆಯ ಹಾಸಿಗೆಬಟ್ಟೆ ವಾರವಾದರೂ ಬಂದಿಲ್ಲ, ಎಲ್ಲ ಬರುತ್ತಿತ್ತು. ಮನೆಗೆ ಬಂದು ಮೇಷ್ಟ್ರು, "ಅಯ್ಯೋ ಇವತ್ತೂ ತಲೆ ತಿಂದುಬಿಟ್ಳು ಮಹರಾಯಿತಿ" ಅಂತ ಗೋಳಾಡುತ್ತಾ ಆ ಸುದ್ದಿಯನ್ನೆಲ್ಲ ಅಕ್ಕನಿಗೆ ಬಿಡದೆ ಒಪ್ಪಿಸುತ್ತಿದ್ದರು.

ಆ ವೈರಸ್ಸು ಮೇಷ್ಟ್ರ ಹತ್ತಿರ ಸುಳಿಯಬಾರದು. ಎರಡು ವರ್ಷ ಅಕ್ಕ ಬದುಕಿದ್ದೇ ಈ ಒಂದು ಮಾತಿನ ಮೇಲೆ. ಕೆಲಸದಿಂದ ಬಂದವಳು ಹಿತ್ತಲ ಬಾಗಿಲಲ್ಲೇ ಬಟ್ಟೆ ಬಿಚ್ಚಿ ನೆನೆಹಾಕಿ, ಸ್ನಾನ ಮಾಡಿ, ಪ್ರತ್ಯೇಕ ಕೋಣೆಯಲ್ಲಿ ಮಲಗುವಳು. ಊಟಕ್ಕೆ ಅವರು ಮೇಜಿನ ಆ ತುದಿ, ಇವಳು ಕಿಟಕಿ ಪಕ್ಕ. ಮೊದಲ ಅಲೆ ಹೋಯಿತು, ಎರಡನೆಯದೂ ಹೋಯಿತು. ಸದ್ಯ ಮುಗೀತಪ್ಪಾ ಅಂತ ಮೇಜಿನ ಒಂದೇ ಕಡೆ ಕೂತು ಉಂಡದ್ದು ಒಂದು ತಿಂಗಳೂ ಇರಲಿಕ್ಕಿಲ್ಲ, ಹೊಸ ತಳಿ ಬಂತು ಅಂತ ಸುದ್ದಿ. ಪತ್ರಿಕೆಯವರು ರೂಪಾಂತರಿ ಅಂದರು. ಯಾವುದೋ ದೇಶದಲ್ಲಿ ಕಾಣಿಸಿತು ಅಂದ ವಾರಕ್ಕೆ ಹತ್ತು ದೇಶ, ಎರಡನೇ ವಾರಕ್ಕೆ ಲೆಕ್ಕವೇ ತಪ್ಪಿತು. ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ಬಂತು ಅದು.

ಅಕ್ಕನಿಗೆ ಈ ಸಲ ಹೆದರಿಕೆಯೂ ಆಗಲಿಲ್ಲ ಅಂದರೆ ನಂಬಬೇಕು. ಸುಸ್ತು, ಅಷ್ಟೇ. ಬೆಳಗ್ಗೆ ಏಳುವಾಗಲೇ ಸುಸ್ತು. ಕೈಗೆ ಎರಡು ಜೊತೆ ಗ್ಲೌಸು ಏರಿಸುವಾಗ, ಮುಖಕ್ಕೆ ಬಿಗಿಯುವ ಮಾಸ್ಕಿನ ದಾರ ಹಳೆಯ ಗಾಯದ ಮೇಲೇ ಕೂತಾಗ, "ಇನ್ನೊಂದಾ? ಇನ್ನೂ ಎಷ್ಟು ವೇಷ ಇದೆಯೋ ಇದಕ್ಕೆ" ಅಂದಳು. ಗೊಣಗಣ್ಣ, "ವೇಷ ಅದು ಬದಲಾಯಿಸುತ್ತೆ ಅಕ್ಕಾ, ಬೆವರೋದು ನಾವು" ಅಂದ. ಇಬ್ಬರಿಗೂ ನಗು ಬರಲಿಲ್ಲ.

ಆ ಸೋಮವಾರ ಸಂಜೆ ತೊಂಬತ್ತನಾಲ್ಕು ಸ್ಯಾಂಪಲ್ಲಿನ ಪ್ಲೇಟು, ಉಳಿದೆರಡು ಗುಳಿ ಯಂತ್ರದ ತಾಳೆ ನೋಡಲು. ಅದರಲ್ಲಿ ಹನ್ನೊಂದಕ್ಕೆ ಎರಡೇ ಗೆರೆ. ಎರಡು ಗೆರೆಯೂ ಕಡ್ಡಿಯ ಹಾಗೆ ನೆಟ್ಟಗೆ ಎದ್ದಿವೆ, ಮೂರನೆಯದು ಮಾತ್ರ ಅಲ್ಲಾಡದೆ ಮಲಗಿದೆ. ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು.

"ಕಿಟ್ಟು ಕೆಟ್ಟಿದೆ. ದಾರೀಲಿ ಐಸು ಕರಗಿರುತ್ತೆ" ಅಂದಳು. ಸ್ಟೋರಿನವನಿಗೆ ಫೋನ್ ಮಾಡಿ ಚೆನ್ನಾಗಿ ಜಾಡಿಸಿದಳು. ಪಾಪ, ಅವನ ಫ್ರಿಜ್ಜು ಸರಿಯಾಗೇ ಇತ್ತು.

"ಎರಡು ಎದ್ದಿದೆಯಲ್ಲ ಅಕ್ಕಾ, ಕೊಟ್ಬಿಡೋಣ" ಅಂದ ಗೊಣಗಣ್ಣ.

"ಕೊಟ್ಬಿಡೋಕೆ ಅದೇನು ಬಸ್ ಟಿಕೆಟ್ಟಾ? ರಿಪೀಟ್ ಹಾಕು."

"ಹೊರಗಡೆ ಎಲ್ಲೋ ಈ ಹೊಸ ತಳಿಗೆ ಹೀಗೇ ಒಂದು ಗೆರೆ ಬರ್ತಿಲ್ವಂತೆ. ಫೋನಲ್ಲಿ ಓದಿದೆ."

"ಫೋನಲ್ಲಿ ಮೂಗಿಗೆ ನಿಂಬೆಹಣ್ಣು ಹಿಂಡಿಕೊಂಡರೆ ವೈರಸ್ ಸಾಯುತ್ತೆ ಅಂತಾನೂ ಬಂದಿತ್ತು. ಅದನ್ನೂ ಓದಿದ್ಯಲ್ಲ ನೀನು?"

ಅವನು ಗೊಣಗುತ್ತಾ ರಿಪೀಟ್ ಹಾಕಿದ. ಆ ಹನ್ನೊಂದು ಜನರ ಫೋನಿಗೆ ರಿಪೋರ್ಟಿನ ಬದಲು ಪರೀಕ್ಷೆ ನಡೆಯುತ್ತಿದೆ ಅಂತ ಒಂದು ಸಾಲು ಹೋಯಿತು. ಮಂಗಳವಾರ ಹೊಸ ಡಬ್ಬಿ ಒಡೆದು ಮತ್ತೆ ಮಾಡಿದರು. ಅದೇ ಹನ್ನೊಂದು, ಅದೇ ಎರಡು ಗೆರೆ. ಹೊಸ ಸ್ಯಾಂಪಲ್ಲಿನಲ್ಲಿ ಇನ್ನೂ ಇಪ್ಪತ್ತಮೂರು. ಈಗಲಾದರೂ ಅನುಮಾನ ಬರಬೇಕಿತ್ತು. ಬಂತು ಕೂಡ, ಸುಳ್ಳು ಹೇಳಬಾರದು. ಆದರೆ ಕಿಟಕಿಯಲ್ಲಿ ನಿಂತಿದ್ದ ಆ ಕ್ಷೌರದವನ ಮುಖ ಕಣ್ಣಮುಂದೆ ಬಂತು, ಆ ಅನುಮಾನವನ್ನು ಅಲ್ಲೇ ಹೊಸಕಿ ಹಾಕಿದಳು. ಹಿಡಿದ ಪಟ್ಟು ಬಿಡುವ ಜಾಯಮಾನವೇ ಅಲ್ಲ. ಮತ್ತೆ ರಿಪೀಟ್.

ಬುಧವಾರ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ದೊಡ್ಡ ಲ್ಯಾಬಿನಿಂದ ಪತ್ರ ಬಂತು. ಮೂರನೇ ಗೆರೆ ಏಳದಿದ್ದರೆ ಕಿಟ್ಟಿನ ದೋಷ ಅಂದುಕೊಳ್ಳಬೇಡಿ. ಹೊಸ ತಳಿಯಲ್ಲಿ ವೈರಸ್ಸಿನ ಆ ಭಾಗವೇ ಬದಲಾಗಿದೆ, ಯಂತ್ರಕ್ಕೆ ಗುರುತು ಸಿಗುವುದಿಲ್ಲ. ಎರಡೇ ಗೆರೆ ಎದ್ದರೆ ಅದೇ ಅದರ ಲಕ್ಷಣ. ತಕ್ಷಣ ಪಾಸಿಟಿವ್ ಕೊಟ್ಟು ಸ್ಯಾಂಪಲ್ಲನ್ನು ನಮಗೆ ಕಳಿಸಿ.

ಗೊಣಗಣ್ಣ ಪತ್ರ ಓದಿ ಅವಳ ಕಡೆ ತಿರುಗಲಿಲ್ಲ. ನಾನು ಹೇಳಿದ್ದೆ ಅನ್ನಲೂ ಇಲ್ಲ. ಅವನ ಜನ್ಮದಲ್ಲಿ ಗೊಣಗದೆ ಬಿಟ್ಟಿದ್ದು ಅದೊಂದೇ ಸಲ. ತಡೆಹಿಡಿದಿದ್ದ ರಿಪೋರ್ಟುಗಳನ್ನು ಪಾಸಿಟಿವ್ ಅಂತ ಒಂದೊಂದಾಗಿ ಬಿಡಲು ಇಬ್ಬರೂ ಕೂತರು. ಸೋಮವಾರದ ಹನ್ನೊಂದರಲ್ಲಿ ಏಳನೆಯದು ಹೆಂಗಸು, ಮೂವತ್ತಾರು ವರ್ಷ, ಡಯಾಲಿಸಿಸ್ ರೂಮಿನ ಸಿಬ್ಬಂದಿ, ವಾರದ ತಪಾಸಣೆ.

ಆ ರೂಮಿನಲ್ಲಿ ಆ ವಯಸ್ಸಿನ ಹೆಂಗಸು ಒಬ್ಬಳೇ, ನರ್ಸಮ್ಮ. ಜ್ವರವಿಲ್ಲ, ಕೆಮ್ಮಿಲ್ಲ, ಪಾಸಿಟಿವ್ ಅಂತ ರಿಪೋರ್ಟೂ ಬಂದಿಲ್ಲ. ಅಂಥವರು ಕೆಲಸಕ್ಕೆ ಬರಬಹುದು ಅಂತ ಅಲ್ಲಿಯ ನಿಯಮ. ಸೋಮವಾರ ಸಂಜೆಯೇ ರಿಪೋರ್ಟ್ ಹೋಗಿದ್ದರೆ ಮಂಗಳವಾರ ಅವಳು ಮನೆಯಲ್ಲಿರುತ್ತಿದ್ದಳು. ಮಂಗಳವಾರ ಮೇಷ್ಟ್ರು ಮನೆಗೆ ಬಂದು ತೋಳು ತೋರಿಸಿ, "ನೋಡೇ, ಒಂದೇ ಸಲಕ್ಕೆ! ಗೊತ್ತೇ ಆಗ್ಲಿಲ್ಲ" ಅಂದಿದ್ದರು. ಅಷ್ಟು ಹತ್ತಿರ ಬಗ್ಗಿ, ತೋಳು ಹಿಡಿದು, ಅವಳು ಎಂಟು ಜನಕ್ಕೂ ಸೂಜಿ ಇಳಿಸಿದ್ದಳು.

ಅಕ್ಕ ತಾನೇ ಆ ರೂಮಿಗೆ ಫೋನ್ ಮಾಡಿದಳು. ನರ್ಸಮ್ಮನನ್ನು ಮನೆಗೆ ಕಳಿಸಿದರು, ರೂಮು ತೊಳೆದರು, ಗುರುವಾರದ ಸರದಿಯನ್ನು ಎಲ್ಲರನ್ನೂ ದೂರದೂರ ಕೂರಿಸಿ ಮುಗಿಸಿದರು. ಶುಕ್ರವಾರ ಎಂಟೂ ಜನರ ಗಂಟಲಿನ ಸ್ಯಾಂಪಲ್ಲು ಲ್ಯಾಬಿಗೆ ಬಂತು. ಮನೆಯವರ ಸ್ಯಾಂಪಲ್ಲನ್ನು ತಾವೇ ಮುಟ್ಟಬಾರದು ಅಂತ ನಿಯಮ, ಗೊಣಗಣ್ಣನೇ ಎಲ್ಲ ಮಾಡಿದ. ಅಕ್ಕ ಪಕ್ಕದ ಸ್ಟೂಲಿನಲ್ಲಿ ಕೈಕಟ್ಟಿ ಕೂತಳು. ಒಂದೂವರೆ ಗಂಟೆ.

ಮೇಷ್ಟ್ರ ಗುಳಿಯಲ್ಲಿ ಒಂದು ಗೆರೆ ಎದ್ದಿತು. ಅದರ ಹಿಂದೆಯೇ ಇನ್ನೊಂದು. ಮೂರನೆಯದು ಏಳಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅಕ್ಕ ಒಂದು ರಿಪೋರ್ಟ್ ನೋಡಿ ಅತ್ತಳು. ಮಾಸ್ಕಿನೊಳಗೆ ಅಳುವುದು ಎಷ್ಟು ಕಷ್ಟ ಅಂತ ಅತ್ತವರಿಗೇ ಗೊತ್ತು. ಒರೆಸಿಕೊಳ್ಳುವ ಹಾಗಿಲ್ಲ, ಮೂಗು ಸೀಟುವ ಹಾಗಿಲ್ಲ.

ಈಗ ಆಗುವುದನ್ನು ಅವಳು ಬಲ್ಲಳು. ಪಾಸಿಟಿವ್ ಅಂದ ಕೂಡಲೇ ನಾಳೆಯ ನಾಲ್ಕನೇ ಕುರ್ಚಿ ಬಂದ್. ಸೋಂಕಿನವರಿಗೆ ಡಯಾಲಿಸಿಸ್ ಮಾಡುವುದು ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಮಾತ್ರ, ಅಲ್ಲಿ ಇಡೀ ಊರಿಗೆ ಎರಡೇ ಯಂತ್ರ, ಸರದಿ ಸಿಗಲು ನಾಲ್ಕು ದಿನವೋ ಐದು ದಿನವೋ. ಒಂದು ಸರದಿ ತಪ್ಪಿದರೇ ಮೇಷ್ಟ್ರ ಕಾಲು ಊದಿ ಉಸಿರು ಮೇಲಕ್ಕೆ ಬರುತ್ತದೆ.

ಗೊಣಗಣ್ಣ ಪರದೆಯ ಕಡೆಗೇ ನೋಡುತ್ತಾ ಮೆಲ್ಲಗೆ ಕೇಳಿದ, "ಅಕ್ಕಾ... ರಿಪೀಟ್ ಹಾಕ್ಲಾ?"

ಅವನು ಯಾಕೆ ಕೇಳಿದ ಅಂತ ಅವಳಿಗೆ ಚೆನ್ನಾಗಿ ಅರ್ಥವಾಯಿತು. ರಿಪೀಟ್ ಅಂದರೆ ನಾಳೆ ಸಂಜೆಯ ತನಕ ರಿಪೋರ್ಟಿಲ್ಲ. ರಿಪೋರ್ಟಿಲ್ಲ ಅಂದರೆ ನಾಳೆ ಮಧ್ಯಾಹ್ನ ಕುರ್ಚಿ ಇದೆ. ಯಾರೂ ಕೇಳುವುದಿಲ್ಲ, ಮೂರು ಗೆರೆ ಅಕ್ಕನ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಆಸೆ ಆಗಲಿಲ್ಲ ಅಂತ ಹೇಳಿದರೆ ಅವಳ ಬಾಯಿಗೆ ಹುಳ ಬೀಳಲಿ. ಆಯಿತು.

"ಬೇಡ. ಕೊಟ್ಬಿಡು" ಅಂದಳು.

"ಅಕ್ಕಾ, ಒಂದು ದಿನ..."

"ಒಂದು ದಿನದಲ್ಲೇ ಕಣೋ ಇದೆಲ್ಲ ಆಗಿದ್ದು. ಕೊಟ್ಬಿಡು."

ಅವನು ಒತ್ತಿದ. ಎಂಟರಲ್ಲಿ ಮೂರು ಪಾಸಿಟಿವ್. ನಾಲ್ಕನೇ ಕುರ್ಚಿ, ಆರನೇ ಕುರ್ಚಿ, ಮತ್ತೆ ಬಾಗಿಲ ಪಕ್ಕದ ಎಂಟನೆಯದು.

ಮೇಷ್ಟ್ರಿಗೆ ದೊಡ್ಡಾಸ್ಪತ್ರೆಯಲ್ಲಿ ಸರದಿ ಸಿಕ್ಕಿದ್ದು ಮಂಗಳವಾರ. ಗಾಜಿಗೆ ಮೂಗು ಅಂಟಿಸಿಕೊಂಡು ಅಕ್ಕ ಹೊರಗಿನಿಂದ ನೋಡಿದಳು. ಮುಖ ಊದಿಕೊಂಡು ಅವರದಲ್ಲ ಅನ್ನಿಸುತ್ತಿತ್ತು. ಹೊಸ ನರ್ಸು ಐದು ಸಲ ಚುಚ್ಚಿದಳು, ಮೇಷ್ಟ್ರು ಕೈ ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ, ಅಷ್ಟು ತ್ರಾಣವೂ ಇರಲಿಲ್ಲ. ಅಕ್ಕ ಹಲ್ಲು ಕಚ್ಚಿಕೊಂಡು ನಿಂತಳು. ಆಮೇಲೆ ಜ್ವರ ಇಳಿಯಿತು. ಹದಿನೈದನೇ ದಿನ, ಅರ್ಧ ಮನುಷ್ಯರಾಗಿ, ಅಕ್ಕನ ಭುಜ ಹಿಡಿದುಕೊಂಡು ಮನೆಯ ಮೆಟ್ಟಿಲು ಹತ್ತಿದರು. ಎಂಟನೇ ಕುರ್ಚಿಯವರೂ ಹುಷಾರಾದರು. ನರ್ಸಮ್ಮನಿಗೆ ಎರಡು ದಿನ ಗಂಟಲು ಕೆರೆತ ಬಿಟ್ಟರೆ ಏನೂ ಆಗಿರಲಿಲ್ಲ.

ರೇಡಿಯೋ ಅಮ್ಮ ಸರದಿ ಬರುವ ಮೊದಲೇ ಹೋಗಿಬಿಟ್ಟಿದ್ದರು. ಅದು ಮೇಷ್ಟ್ರಿಗೆ ಗೊತ್ತಾಗಿದ್ದು ಮತ್ತೆ ನಾಲ್ಕನೇ ಕುರ್ಚಿಯಲ್ಲಿ ಹೋಗಿ ಕೂತ ದಿನ.

ಆವತ್ತು ಮನೆಗೆ ಬಂದವರು ಯಾವ ಸುದ್ದಿಯನ್ನೂ ಹೇಳಲಿಲ್ಲ. ಚಪ್ಪಲಿಯನ್ನೂ ಬಿಚ್ಚದೆ ಮೇಜಿನ ಮುಂದೆ ಕೂತರು. "ನಾಲ್ಕು ಗಂಟೆ ಆ ರೂಮು ಗವ್ ಅಂತಿತ್ತು ಕಣೇ" ಅಂದರು. ಅಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಸೋಮವಾರದ ಪ್ಲೇಟಿನಿಂದ ಹಿಡಿದು ಬುಧವಾರದ ಪತ್ರದ ತನಕ, ಗೊಣಗಣ್ಣ ಹೇಳಿದ್ದು, ತಾನು ಕೇಳದೆ ಹೋಗಿದ್ದು, ಒಂದೂ ಬಿಡದೆ ಹೇಳಿದಳು. ಮೇಷ್ಟ್ರು ಮೇಜಿನ ಮೇಲಿದ್ದ ಅವಳ ಕೈಯನ್ನೇ ನೋಡುತ್ತಿದ್ದರು. ಗ್ಲೌಸು, ಸೋಪು ಅಂತ ಎರಡು ವರ್ಷದಲ್ಲಿ ಸಿಪ್ಪೆ ಸುಲಿದುಹೋಗಿದ್ದ ಕೈ.

"ನೀನೇನು ಬೇಕಂತ ಮಾಡಿದ್ದಾ" ಅಂದರು ಕೊನೆಗೆ.

"ಬೇಕಂತ ಮಾಡ್ಲಿಲ್ಲ. ಆದ್ರೆ ಮಾಡಿದ್ದು ನಾನೇ ಅಲ್ವೇನ್ರೀ."

"ಹೌದು, ನೀನೇ. ನನಗೆ ಹೇಳೋದು ಸುಲಭ. ನಾನು ನಿನ್ನ ಗಂಡ, ಬೈದರೆ ಎಷ್ಟು ಬೈತೀನಿ? ಅವರ ಮಗಳಿಗೆ ಗೊತ್ತಾ?"

"ಇಲ್ಲ."

"ಹೋಗಿ ಹೇಳು."

"ರೀ, ಹೇಗ್ರೀ ಹೇಳ್ಲಿ? ಯಾವ ಮುಖ ಇಟ್ಕೊಂಡು ಹೋಗ್ಲಿ?"

"ನನಗೇನು ಗೊತ್ತೇ? ಆದ್ರೆ ಹೋಗು" ಅಂದು ಮೇಷ್ಟ್ರು ಒಳಗೆ ಹೋಗಿ ಮಲಗಿದರು. ಗಂಡನ ಮೇಲೆ ಅವಳಿಗೆ ವಿಪರೀತ ಸಿಟ್ಟು ಬಂತು. ಸತ್ತು ಬದುಕಿ ಬಂದವರು, ಹೋಗಲಿ ಬಿಡು ಅಂತ ಒಂದು ಮಾತು ಆಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮೂರು ದಿನ ಇವತ್ತು ಸುಸ್ತು, ನಾಳೆ ಕೆಲಸ ಅಂತ ತಳ್ಳಿದಳು. ಭಾನುವಾರ ಬೆಳಗ್ಗೆ ಹೋದಳು. ಮಾರುಕಟ್ಟೆಯ ಹಿಂದಿನ ರಸ್ತೆ, ಒಂದೇ ಬಾಗಿಲಿನ ಅಂಗಡಿ. ಎದುರಿಗೆ ಉದ್ದನೆಯ ಮೇಜು, ಹಿಂದೆ ಗಂಟುಗಂಟಾಗಿ ಕಟ್ಟಿಟ್ಟ ಬಟ್ಟೆ, ಒಂದೊಂದು ಗಂಟಿಗೂ ಚೀಟಿ. ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಖಾಲಿ. ಮಗಳು ನಲವತ್ತರ ಹೆಂಗಸು, ತಾಯಿಯಷ್ಟು ಮಾತಿಲ್ಲ. ಅಂಗಿಯ ಕಾಲರು ತಿರುವಿ ಇಸ್ತ್ರಿ ಒತ್ತುತ್ತಿದ್ದಳು.

"ಬಟ್ಟೆ ಕೊಡೋಕಾ, ತಗೊಳ್ಳೋಕಾ?"

"ಎರಡೂ ಅಲ್ಲಮ್ಮ. ನಾನು ಆಸ್ಪತ್ರೆ ಲ್ಯಾಬಿನವಳು. ನನ್ನ ಯಜಮಾನರು ನಿಮ್ಮ ಅಮ್ಮನ ಜೊತೆ ಡಯಾಲಿಸಿಸ್‌ಗೆ ಕೂರ್ತಾ ಇದ್ರು, ನಾಲ್ಕನೇ ಕುರ್ಚಿ."

ಇಸ್ತ್ರಿ ನಿಂತಿತು. ಮೂಲೆಯ ಕುರ್ಚಿಯನ್ನು ಎಳೆದು ಕೊಟ್ಟಳು. ಅಕ್ಕ ಕೂರಲಿಲ್ಲ. ನಿಂತೇ ಹೇಳಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಒಂದೂ ನೆನಪಾಗಲಿಲ್ಲ. ಗೆರೆ, ಕಿಟ್ಟು, ತಳಿ ಅಂತ ಹೇಳಲು ಹೋಗಿ ಬಿಟ್ಟು, "ಆ ನರ್ಸಮ್ಮನ ರಿಪೋರ್ಟ್ ಸೋಮವಾರವೇ ಕೊಡಬಹುದಿತ್ತು. ಜೊತೇಲಿದ್ದವನು ಕೊಡೋಣ ಅಂದ. ನಾನೇ ಬೇಡ ಅಂದೆ. ಕೊಟ್ಟಿದ್ರೆ ಮಂಗಳವಾರ ಅವಳು ಕೆಲಸಕ್ಕೆ ಬರ್ತಿರ್ಲಿಲ್ಲ, ನಿಮ್ಮ ಅಮ್ಮನಿಗೆ..." ಅಂತ ನಿಲ್ಲಿಸಿದಳು.

ಮಗಳು ಇಸ್ತ್ರಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಬಾಗಿಲಿಗೆ ಒಬ್ಬರು ಬಟ್ಟೆ ಗಂಟು ಹಿಡಿದು ಬಂದರು. "ಆಮೇಲೆ ಬನ್ನಿ" ಅಂತ ಅವರನ್ನು ಕಳಿಸಿದಳು.

"ಎಷ್ಟು ದಿನ ತಡ ಆಯ್ತು ಅಂದ್ರಿ?"

"ಎರಡು ದಿನ."

"ಎರಡೇ ದಿನ" ಅಂದಳು. ಬೈಗುಳಕ್ಕೆ ಅಕ್ಕ ತಯಾರಾಗಿ ನಿಂತಿದ್ದಳು. ಕೆನ್ನೆಗೆ ಬಾರಿಸಿದರೂ ಸರಿ, ಅದಕ್ಕೂ ತಯಾರಿದ್ದಳು. ಮಗಳು ಅಂಗಿಯನ್ನು ಮಡಿಸಿದಳು, ಮಡಿಸಿದ್ದನ್ನು ಬಿಚ್ಚಿದಳು, ಮತ್ತೆ ಮಡಿಸಿದಳು.

"ಅಮ್ಮ ಮನೇಲಿ ನಿಮ್ಮ ಯಜಮಾನರ ಮಾತು ಆಡದ ದಿನವೇ ಇರ್ಲಿಲ್ಲ. ನಾಲ್ಕನೇ ಕುರ್ಚಿ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವರ ಹಾಗೆ ಕೂರ್ತಾರೆ, ಆದ್ರೆ ಮಧ್ಯದಲ್ಲಿ ನಿಲ್ಲಿಸಿದ್ರೆ ಆಮೇಲೇನಾಯ್ತು ಅಂತ ಕೇಳ್ತಾರೆ ಅಂತ ನಗೋಳು. ಅವರಿಗೂ ಬಂದಿತ್ತಂತಲ್ಲ ಅದು?" ಮಗಳು ಮೊದಲ ಸಲ ತಲೆಯೆತ್ತಿ ಅಕ್ಕನ ಮುಖವನ್ನು ನೇರವಾಗಿ ನೋಡಿದಳು. "ಈಗ ಹೇಗಿದ್ದಾರೆ ಅವರು?"

ಕೊಂಕು ಮಾತಾಗಿದ್ದರೆ ಅಕ್ಕ ಸಹಿಸಿಕೊಳ್ಳುತ್ತಿದ್ದಳೇನೋ. ಅವಳು ನಿಜವಾಗಿಯೇ ಕೇಳುತ್ತಿದ್ದಳು, ಉತ್ತರಕ್ಕೆ ಕಾಯುತ್ತಿದ್ದಳು. ಇದೊಂದು ಪ್ರಶ್ನೆ ಬರಬಹುದು ಅಂತ ಅಕ್ಕ ಯೋಚಿಸಿಯೇ ಇರಲಿಲ್ಲ. ಮೇಜಿನ ಅಂಚು ಹಿಡಿದುಕೊಂಡಳು.

"ಹುಷಾರಾಗಿದ್ದಾರೆ" ಅಂದಳು.